ಬುತ್ತಿ ಮುಚ್ಚಳದ ಬೆರಳಚ್ಚು

ಟ್ರ್ಯಾಕ್ಟರ್ ಬ್ಯಾಟರಿ ಎತ್ತಲು ಬಗ್ಗಿದ ನಮ್ಮ ಯಜಮಾನರು ಅದರ ಮೇಲೇ ಕೂತುಬಿಟ್ಟರು. ತಲೆ ತಿರುಗಿತಂತೆ. ಮಧುಗಿರಿಯ ಆಸ್ಪತ್ರೆಯಲ್ಲಿ ಬಿಪಿ ನೋಡಿದ ನರ್ಸ್ ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿದಳು. ಆಮೇಲೆ ಮತ್ತೆ ಮೊದಲಿನ ತೋಳಿಗೇ ಕಟ್ಟಿದಳು.

ನೂರ ಎಂಬತ್ತು.

ಕೊಡಿಗೇನಹಳ್ಳಿಯಲ್ಲಿ ಹಳೇ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವ ಅಂಗಡಿ ನಮ್ಮದು. ಅಂದು ಯಾರೂ ಆ ವಿಷಯ ಕೇಳಲಿಲ್ಲ, ನಾವೂ ಹೇಳಲಿಲ್ಲ. ಬಿಪಿ ಎಂದರೆ ಉಪ್ಪು, ಉಪ್ಪು ಎಂದರೆ ಹೆಂಡತಿ. ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೇ ತೀರ್ಪು ಕೊಟ್ಟರು.

"ನಿನ್ ಕೈ ಉಪ್ಪೇ ಕಣಮ್ಮ, ನನ್ ಮಗನ್ನ ಇಂಗ್ ಮಾಡಿದ್ದು."

ಅದೇ ಸಾರು ಉಂಡ ಅತ್ತೆಯ ಬಿಪಿ ನೂರ ಇಪ್ಪತ್ತು. ಅದನ್ನು ಬಾಯಿಬಿಟ್ಟು ಹೇಳಿದೆ. ಒಂದು ವಾರ ಅವರು ನನ್ನೊಡನೆ ಮಾತು ಬಿಟ್ಟರು. ಕಾಯಿಲೆಯಿಂದ ನನಗಾದ ಮೊದಲ ಉಪಕಾರ ಅದು.

ಉಪ್ಪಿನಕಾಯಿ ಭರಣಿ ನಾದಿನಿಯ ಮನೆ ಸೇರಿತು. ಹಪ್ಪಳ ನಿಂತಿತು. ಒಂದಿದ್ದ ಮಾತ್ರೆ ಮೂರಾಯಿತು. ಬಿಪಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಹೀಗೇ ಇದ್ದರೆ ಕಿಡ್ನಿಗೆ ಏಟು ಎಂದರು ಡಾಕ್ಟರಮ್ಮ.

ನನ್ನ ಎದೆ ಒಡೆದದ್ದು ಮಾತ್ರ ಬೇರೆ ಕಾರಣಕ್ಕೆ. ಮದುವೆಯಾದಾಗಿನಿಂದ ಸಾರಿಗೆ ಹೆಸರಿಡದೆ ಊಟ ಮುಗಿಸಿದ ಗಂಡಸಲ್ಲ ಇವರು. ಖಾರ ಹೆಚ್ಚು, ಹುಳಿ ಕಡಿಮೆ, ನಮ್ಮವ್ವನ ಕೈ ರುಚಿ ಇಲ್ಲ, ಹೀಗೆ ದಿನಕ್ಕೊಂದು ತಗಾದೆ. ಅಂಥವರು ಈಗ ಸಪ್ಪೆ ಸಾರಿಗೆ ಮುದ್ದೆ ಅದ್ದಿ, ಸುಮ್ಮನೆ ನುಂಗಿ, ಸುಮ್ಮನೆ ಏಳುತ್ತಿದ್ದರು. ಹೆದರಿದ್ದರು. ಬೈಯದ ಗಂಡನನ್ನು ಕಂಡು ಹಿತ್ತಲಲ್ಲಿ ನಿಂತು ಅತ್ತವಳು ನಾನೊಬ್ಬಳೇ ಇರಬೇಕು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಮತ್ತೆ ಅದೇ ಕೇಳಿದರು, "ಮನೇಲಿ ಉಪ್ಪು ನಿಜವಾಗ್ಲೂ ಕಡಿಮೆ ಮಾಡಿದ್ದೀರಾ?"

ನನಗೆ ಪಿತ್ತ ನೆತ್ತಿಗೇರಿತು. ಇವರು ಅಂಗಡಿಯಲ್ಲಿ ಅರ್ಧ ಉಂಡು ಬಿಟ್ಟಿದ್ದ ಬುತ್ತಿ ಡಬ್ಬಿ ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲೆ ಕುಕ್ಕಿದೆ. "ನೀವೇ ನೆಕ್ಕಿ ನೋಡಿ ಡಾಕ್ಟ್ರಮ್ಮ! ಒಂದ್ ಹರಳು ಉಪ್ಪು ಸಿಕ್ಕಿದ್ರೆ ನನ್ ಹೆಸ್ರು ಬದಲಾಯ್ಸಿ."

ಅವರು ಸಾರು ನೆಕ್ಕಲಿಲ್ಲ. ಮುಚ್ಚಳ ನೋಡಿದರು. "ಏನಿದು, ಬೂದು ಬಣ್ಣದ ಬೆರಳಚ್ಚು?"

"ಬ್ಯಾಟ್ರಿ ಪ್ಲೇಟಿನ ಸೀಸ ಕಣಮ್ಮ," ಎಂದರು ಇವರು. ಕಸುಬಿನ ಬಗ್ಗೆ ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ಮುಖ ಅರಳಿತ್ತು.

"ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀತೀರಾ?"

"ದಿನಾ ಆಸಿಡ್ ಮುಟ್ಟೋ ಕೈ ಇದು! ಇದ್ರ ಮೇಲೆ ಯಾವ್ ಕೊಳೆ ನಿಂತಾತು? ಬಟ್ಟೇಲಿ ಒರಸ್ಕೊಂಡು ಉಂಡ್ಬುಡ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ರಕ್ತ ಬೆಂಗಳೂರಿಗೆ ಹೋಯಿತು. ಬ್ಲಡ್ ಲೆಡ್, ಅಂದರೆ ರಕ್ತದಲ್ಲಿನ ಸೀಸ, ವಿಪರೀತ ಜಾಸ್ತಿ. ಸೀಸದ ಧೂಳು ಉಸಿರಿನ ಜೊತೆಗೂ ಮುದ್ದೆಯ ಜೊತೆಗೂ ಒಳಗೆ ಹೋಗಿದೆ, ಅದು ಬಿಪಿಯನ್ನೂ ಏರಿಸುತ್ತದೆ ಎಂದರು. ಇದೊಂದೇ ಕಾರಣ ಎನ್ನಲಾಗದು, ಮಾತ್ರೆ ಬಿಡಬೇಡಿ, ಉಪ್ಪೂ ಕಡಿಮೆಯೇ ಇರಲಿ. ಬಟ್ಟೆಗಂಟಿದ ಧೂಳು ಮನೆಗೂ ಬಂದಿರಬಹುದೆಂದು ನನ್ನ, ಅತ್ತೆಯ ರಕ್ತವನ್ನೂ ನೋಡಿಸಿದರು. ದೇವರ ದಯೆ, ನಾವು ಪಾರು.

ಈಗ ಇವರು ಬ್ಯಾಟರಿ ಬಿಚ್ಚುವುದಿಲ್ಲ. ಚಾರ್ಜಿಂಗ್, ಮಾರಾಟ ಮಾತ್ರ. ಊಟಕ್ಕೆ ಮನೆಗೇ ಬರುತ್ತಾರೆ. ಬಚ್ಚಲಲ್ಲಿ ತಿಕ್ಕಿ ತೊಳೆದು, ಎರಡೂ ಕೈ ಮುಂದೆ ಚಾಚಿ ಅತ್ತೆಯ ಎದುರು ನಿಲ್ಲಬೇಕು. ಮೊಮ್ಮಗನಿರುವ ಮನುಷ್ಯ.

"ಉಗುರು ತೋರ್ಸೋ," ಎನ್ನುತ್ತಾರೆ ಅತ್ತೆ.

ತಿಂಗಳುಗಳು ಕಳೆದವು. ಸೀಸ ಇಳಿಯುತ್ತಿದೆ. ಮೂಳೆಯಲ್ಲಿ ಕೂತದ್ದು ಬೇಗ ಬಿಡುವುದಿಲ್ಲವಂತೆ. ಬಿಪಿಯೂ ತಗ್ಗಿದೆ, ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ಮೊನ್ನೆ ಮಧ್ಯಾಹ್ನ ಇವರು ಸಾರಿಗೆ ಮುದ್ದೆ ಅದ್ದಿದರು. ಬಾಯಿಗಿಟ್ಟರು. ಮುಖ ಸಿಂಡರಿಸಿದರು.

"ಏನ್ಲೇ ಇದು, ಸಾರೋ ಮುಸುರೆ ನೀರೋ?"

ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೆ. ಆದರೆ ಸೌಟು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ನನ್ನ ಭುಜ ಹಿಡಿದು ಮೆಲ್ಲಗೆ ಆಚೆ ತಿರುಗಿಸಿದರು.

"ಅತ್ಲಾಗ್ ನಿಂತ್ಕೊಂಡು ಅಳಮ್ಮ. ಸಾರಿಗ್ ಬಿದ್ದು ಉಪ್ಪಾದಾತು."