ದಿಬ್ಬದ ಮೇಲಿನ ಬದಲಿ

ಸೇಡಮಿನ ವೈರ್‌ಲೆಸ್ ಕೋಣೆಯ ಜಿಲಾನಿ ಮಹಾ ಹಟಮಾರಿ. ಚಿಂಚೋಳಿಯಿಂದ ಬರುವ ಸರ್ಕಾರಿ ಜೀಪು ತಾಲೂಕಿನ ಗಡಿಕಲ್ಲು ಮುಟ್ಟಿದಾಗ ಚಿಂಚೋಳಿಯ ಚಾನೆಲ್ ಬಿಟ್ಟು ಸೇಡಮಿನದಕ್ಕೆ ತಿರುಗಬೇಕೆಂಬುದು ನಿಯಮ. ಆದರೆ ಆ ದರಿದ್ರ ಕಲ್ಲು ನಿಂತದ್ದು ಹಳ್ಳದ ತಗ್ಗಿನಲ್ಲಿ! ಅಲ್ಲಿ ಆ ಊರೂ ಕೇಳದು, ಈ ಊರೂ ಕೇಳದು. ಜೀಪು ಅಷ್ಟು ದೂರ ಮೂಕ.

ಜಿಲಾನಿ ರಜೆಯ ದಿನ ಅದೇ ಜೀಪು ಹತ್ತಿ, ದಾರಿಯುದ್ದಕ್ಕೂ ಕಿವಿಗೊಟ್ಟು ಬಂದ. ಹಳ್ಳಕ್ಕೆ ಇಳಿಯುವ ಮುಂಚಿನ ದಿಬ್ಬದ ಮೇಲೆ ಎರಡೂ ಊರು ಸ್ಪಷ್ಟವಾಗಿ ಕೇಳುತ್ತಿದ್ದವು.

“ಬದಲಿ ಅಲ್ಲೇ ಮಾಡೋಣ್ರಿ ಸಾಹೇಬ್ರ. ಹೆಣ್ಣು ಒಪ್ಪಿಸಿದಂಗ. ಆ ಕಡೀಯವರು ಕೈ ಹಿಡಿಯೋತನಕ ಈ ಕಡೀಯವರು ಬಿಡಬಾರ್ದು,” ಎಂದು ತನ್ನ ಮೇಲಧಿಕಾರಿಗೆ ಹೇಳಿದ.

“ಜೀಪು ಚಿಂಚೋಳಿ ಹದ್ದಿನಾಗ ಇದ್ದಾಗ ನೀ ಯಾಕ ಹಿಡೀತಿ? ಹದ್ದು ಅಂದ್ರ ಹದ್ದು!” ಎಂದು ಸಾಹೇಬರು ಗದರಿದರು.

ಗಾಳಿಯಲ್ಲಿ ಹೋಗುವ ಮಾತಿಗೂ ಗಡಿಕಲ್ಲಂತೆ! ಜಿಲಾನಿಗೆ ಮೈಯೆಲ್ಲ ಉರಿಯಿತು. ಚಿಂಚೋಳಿಯ ವೈರ್‌ಲೆಸ್ಸಿನ ಅಬ್ದುಲ್ ಸಲಾಂನನ್ನೂ ಜೀಪಿನ ಡ್ರೈವರ್ ಧರ್ಮಣ್ಣನನ್ನೂ ಒಪ್ಪಿಸಿ, ಗುಟ್ಟಾಗಿ ದಿಬ್ಬದ ಮೇಲೆಯೇ ಬದಲಿ ಶುರು ಮಾಡಿಸಿದ. ಸಿಕ್ಕಿಬಿದ್ದರೆ ನೌಕರಿಗೇ ಕುತ್ತು.

ಎಪ್ಪತ್ತೆಂಟರ ಮಳೆಗಾಲದ ಒಂದು ಸಂಜೆ ಧರ್ಮಣ್ಣ ತುಂಬು ಬಸುರಿ ಯಂಕಮ್ಮನನ್ನೂ ನರ್ಸ್ ಗುರುದೇವಿಯನ್ನೂ ಕೂರಿಸಿಕೊಂಡು ಸೇಡಮಿನ ಆಸ್ಪತ್ರೆಗೆ ಹೊರಟಿದ್ದ. ಅಷ್ಟರಲ್ಲಿ ರೈತನೊಬ್ಬ ತೊಯ್ದು ತೊಪ್ಪೆಯಾಗಿ, ಸೈಕಲ್ ತುಳಿದುಕೊಂಡು ಜಿಲಾನಿಯ ಕೋಣೆಗೆ ಬಂದ.

“ಹಳ್ಳದ ಪೂಲು ಕೊಚ್ಚಿ ಹೋತ್ರೀ!”

ಸೇತುವೆ ಹೋಯಿತೆಂದು ಚಿಂಚೋಳಿಗೆ ಹೇಳೋಣವೆಂದರೆ ವೈರ್‌ಲೆಸ್ ಅಷ್ಟು ದೂರ ಮುಟ್ಟದು, ಫೋನಿನ ತಂತಿಯೂ ಕಡಿದಿತ್ತು. ಸಾಹೇಬರ ಮುಖ ಬಿಳಿಚಿಕೊಂಡಿತು. ಜಿಲಾನಿ ಮೈಕ್ ಹಿಡಿದು ಕೂಗಿಯೇ ಕೂಗಿದ. ಬರೀ ಗೊರಗೊರ ಸದ್ದು. ಆಮೇಲೆ, ಅಬ್ಬಾ, ಧರ್ಮಣ್ಣನ ದನಿ!

“ಸೇಡಂ, ದಿಬ್ಬದ ಮ್ಯಾಲ ಬಂದೀನ್ರಿ.”

“ಅಲ್ಲೇ ನಿಂದ್ರು ಧರ್ಮಣ್ಣ! ಕೆಳಗ ಇಳೀಬ್ಯಾಡ, ಪೂಲಿಲ್ಲ!”

“ನಿಂತೀನ್ರಿ. ಆದ್ರ ಯಂಕಮ್ಮಗ ಬ್ಯಾನಿ ಭಾಳ ಜೋರ್ ಆಗ್ಯಾವ. ಹಿಂದಕ್ಕ ಹೋಗಾಕೂ ಆಗಂಗಿಲ್ಲಂತಾರ ಗುರುದೇವಿ ಅಕ್ಕ.”

ದಿಬ್ಬದ ಮೇಲೆಯೇ, ಜೀಪಿನೊಳಗೇ ಹೆರಿಗೆ. ಜಿಲಾನಿ ದೇವರನ್ನು ನೆನೆಯುತ್ತ ಸೆಟ್ಟಿಗೆ ಕಿವಿ ಅಂಟಿಸಿ ಕೂತ. ಸಾಹೇಬರು ಕುರ್ಚಿ ಬಿಟ್ಟು ಎದ್ದೇ ನಿಂತಿದ್ದರು. ಆಗ ಬಂತು ನೋಡಿ, ಕೋಣೆಯೆಲ್ಲ ತುಂಬುವಂತೆ ಕೂಸಿನ ಅಳು!

“ತಾಯಿ-ಮಗು ಆರಾಮ್ ಅದಾರ್ರೀ!” ಧರ್ಮಣ್ಣ ಚೀರಿದ. “ಚಿಂಚೋಳಿ ಸಲಾಂ ಸಾಹೇಬ್ರೂ ನಿಮ್ಮ ಚಾನೆಲ್ಲಿಗೆ ಬಂದು ಕೇಳಾಕತ್ತಾರ!”

ಜಿಲಾನಿ ಕಣ್ಣೊರೆಸಿಕೊಳ್ಳುತ್ತ ಮೇಜು ಗುದ್ದಿ ಗುದ್ದಿ ನಕ್ಕ. ಸಾಹೇಬರು ಕಾಗದ-ಪೆನ್ನು ಎಳೆದುಕೊಂಡು ಕೂತರು.

“ಏನ್ ಮಾಡೀಯಂತ ನನಗ ಗೊತ್ತಾತು,” ಎಂದರು. “ಇನ್ನಮ್ಯಾಲ ಎಲ್ಲಾ ಗಾಡೀದೂ ಬದಲಿ ದಿಬ್ಬದ ಮ್ಯಾಲೇ. ಹುಕುಂ ನಂದು.”