ಡಾಕ್ಟರಮ್ಮನ ಕುರ್ಚಿ

ಹೊಸಪೇಟೆಯ ನಮ್ಮ ಡಾಕ್ಟರಮ್ಮ ಅದಿರು ಲಾರಿಗಳ ಕೆಂಪು ಧೂಳು ಕೂತ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡೇ ಮಾತು ಶುರು ಮಾಡುತ್ತಿದ್ದರು: "ಗಾಬ್ರಿ ಬ್ಯಾಡವ್ವ, ನೋಡೂಣು." ನನ್ನ ಮೈಮೇಲೆ ನೀಲಿ ಕಲೆಗಳೆದ್ದು, ಒಸಡಿನಲ್ಲಿ ರಕ್ತ ಒಸರತೊಡಗಿದಾಗಲೂ ಹಾಗೇ ಅಂದರು. ರಕ್ತ ಪರೀಕ್ಷೆ ಮಾಡಿ, ಪ್ಲೇಟ್‌ಲೆಟ್ ಕುಸಿದಿರುವುದನ್ನು ಕಂಡುಹಿಡಿದು, ತಿಂಗಳುಗಟ್ಟಲೆ ಮಾತ್ರೆ ಕೊಟ್ಟು ನನ್ನನ್ನು ಗುಣಪಡಿಸಿದರು.

ಪಕ್ಕದ ಮೆಟ್ರಿ ಊರಿನಿಂದ ನನಗೆ ಮದುವೆ ಸಂಬಂಧ ಕೂಡಿಬಂದಾಗ ಹುಡುಗನ ತಾಯಿಗೆ ಈ ಕಾಯಿಲೆಯ ಸುದ್ದಿ ಮುಟ್ಟಿತು. ಅವರು ನೇರವಾಗಿ ದವಾಖಾನೆಗೇ ಬಂದರು. ಅವತ್ತು ನಾನೂ ಅಲ್ಲಿದ್ದೆ.

"ಈಕಿಗೆ ಏನ್ ರೋಗ ಐತ್ರಿ?"

"ನನ್ನ ಕೇಳಬ್ಯಾಡ್ರಿ, ಆಕೀನ್ನ ಕೇಳ್ರಿ," ಎಂದು ಡಾಕ್ಟರಮ್ಮ ಎದ್ದು, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು.

ನಾನು ಎಲ್ಲವನ್ನೂ ಹೇಳಿದೆ, ಅದು ಮತ್ತೆ ಬರಬಹುದು ಎಂಬುದನ್ನೂ.

ಆ ತಾಯಿ ಡಾಕ್ಟರಮ್ಮನ ಕಡೆ ತಿರುಗಿ, "ಅದು ಮತ್ತ ಬಂದ್ರ ನಾನೇ ಈಕೀನ್ನ ಇಲ್ಲಿಗೆ ಕರ್ಕೊಂಡು ಬರ್ತೀನ್ರಿ," ಅಂದರು.