ಹುಳುಮನೆಯ ಬಾಗಿಲಲ್ಲಿ ಸೊಸೆ

"ಒಳಗೆ ಬಾಮ್ಮ, ಇವತ್ತು ನೀನೇ ಹುಳಕ್ಕೆ ಸೊಪ್ಪು ಹಾಕು" ಎಂದು ಕರೆದೆ. ಸೊಸೆ ನಮ್ಮ ರೇಷ್ಮೆ ಹುಳುಮನೆಯ ಬಾಗಿಲಲ್ಲೇ ನಿಂತಳು. ಮಕ್ಕಳಾಗದವಳು ಕಾಲಿಟ್ಟರೆ ಹುಳು ಗೂಡು ಕಟ್ಟುವುದಿಲ್ಲವೆಂದು ಒಂಬತ್ತು ವರ್ಷ ಅವಳನ್ನು ಹೊರಗೇ ನಿಲ್ಲಿಸಿದವನು ನಾನು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಅಲೆದು, ಇಂಜೆಕ್ಷನ್ ಚುಚ್ಚಿಸಿಕೊಂಡು, ಈಗ ಅವಳಿಗೆ ಎರಡು ತಿಂಗಳು.

ವಾಂತಿ ಮಾಡಿ ಬಂದವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು: "ಇನ್ನೂ ಮೂರು ತಿಂಗಳು ತುಂಬಿಲ್ಲ ಮಾವ. ಡಾಕ್ಟ್ರೇ ಈಗ್ಲೇ ಏನೂ ಹೇಳಕ್ಕಾಗಲ್ಲ ಅಂತಾರೆ. ಇದು ನಿಲ್ದೇ ಹೋದ್ರೆ ಮತ್ತೆ ಆಚೆ ಕಳಿಸ್ತೀರಾ?"

ಇಲ್ಲಮ್ಮ ಎಂದೆ. ಆದರೂ ಅವಳು ಹೊಸ್ತಿಲು ದಾಟಲಿಲ್ಲ. ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವಳು ನಂಬಬಹುದಾದ ಒಂದು ಮಾತನ್ನೂ ಇಷ್ಟು ವರ್ಷಗಳಲ್ಲಿ ನಾನು ಆಡಿರಲಿಲ್ಲ.